ಸ್ವರ ಬೇಗ ಅಡಗಬೇಕು: ಸರ್ಫ್ ಸಂಗೀತಕ್ಕೆ ನಾನು ಗಿಟಾರ್ ಆರಿಸಿದ ಕಥೆ

ಗಿಟಾರ್ ಕೊಳ್ಳಲು ಹೋದವರನ್ನು ಸ್ವಲ್ಪ ಗಮನಿಸಿ ನೋಡಿ. ಒಂದು ತಂತಿ ಮೀಟುತ್ತಾರೆ, ಕಣ್ಣು ಮುಚ್ಚುತ್ತಾರೆ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕಾಯುತ್ತಾರೆ. ಜಾಸ್ತಿ ಹೊತ್ತು ನಿಂತರೆ ಒಳ್ಳೆ ಗಿಟಾರ್, ಬೇಗ ಅಡಗಿದರೆ ಕಳಪೆ. ನಾನೂ ಬಹಳ ವರ್ಷ ಹಾಗೇ ಅಳೆಯುತ್ತಿದ್ದೆ. 1960ರ ದಶಕದ ಶುರುವಿನ ಸರ್ಫ್ ಸಂಗೀತದ, ಅಂದರೆ ಕ್ಯಾಲಿಫೋರ್ನಿಯಾ ಕಡಲತೀರದ ಎಲೆಕ್ಟ್ರಿಕ್ ಗಿಟಾರ್ ವಾದ್ಯಸಂಗೀತದ ಹುಚ್ಚು ಹತ್ತಿದ ಮೇಲೆ ಈ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಈ ಸಂಗೀತದಲ್ಲಿ ಸ್ವರ ಗಟ್ಟಿಯಾಗಿ ಹುಟ್ಟಬೇಕು, ಬೇಗ ಅಡಗಬೇಕು. ಈ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಎರಡು ಗಿಟಾರ್ ಕೊಂಡು ಮಾರುವುದು ತಪ್ಪುತ್ತಿತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಮೊದಲು ಇದ್ದದ್ದು ಎರಡು ಹಂಬಕರ್ ಪಿಕಪ್ ಇರುವ, ಭಾರವಾದ, ಒಳ್ಳೆಯ ಗಿಟಾರ್. (ಪಿಕಪ್ ಅಂದರೆ ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಅಯಸ್ಕಾಂತ ಮತ್ತು ಕಾಯಿಲ್, ಹಂಬಕರ್ ಎರಡು ಕಾಯಿಲ್‌ನದು.) ಬ್ಲೂಸ್‌ಗೆ, ರಾಕ್‌ಗೆ ಅದರಲ್ಲಿ ಒಂದು ಕೊರತೆ ಇರಲಿಲ್ಲ. ಗಿಟಾರನ್ನು ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಗೆ, ಅಂದರೆ ಸ್ಪ್ರಿಂಗ್ ಬಳಸಿ ಸದ್ದಿಗೆ ಗುಂಗು ಸೇರಿಸುವ ಪೆಟ್ಟಿಗೆಗೆ, ಸಿಕ್ಕಿಸಿ ಮಂದ್ರದ ದಪ್ಪ ತಂತಿಗಳಲ್ಲಿ ಜೋರಾಗಿ ಮೀಟಿದೆ. ರೆಕಾರ್ಡ್‌ಗಳಲ್ಲಿ ಕೇಳುವ ಆ ಟಕ್ ಟಕ್ ಅನ್ನುವ ನೀರಿನಂಥ ಸದ್ದು ಬರಲೇ ಇಲ್ಲ. ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬಿದ್ದು, ಎರಡರ ಮೇಲೂ ರಿವರ್ಬ್ ಕೂತು, ಎಲ್ಲಾ ಸೇರಿ ಗಂಜಿಯಾಯಿತು. ರಿವರ್ಬ್ ಕಡಿಮೆ ಮಾಡಿದರೆ ಗಂಜಿ ಹೋಗುತ್ತದೆ, ಜೊತೆಗೆ ಸರ್ಫ್ ಕೂಡ ಹೋಗುತ್ತದೆ. ತಪ್ಪು ನನ್ನ ಕೈಯದೋ ಗಿಟಾರಿನದೋ ಅಂತ ತಿಳಿಯಲು ತಿಂಗಳುಗಳೇ ಹಿಡಿದವು. ಸ್ವಲ್ಪ ಕೈಯದು, ಬಹುಪಾಲು ಗಿಟಾರಿನದು.

ಇದು ಎಲ್ಲಿಂದ ಬಂದ ಸಂಗೀತ ಅಂತ ನೋಡಿದರೆ ಗಿಟಾರಿನ ವಿಷಯ ತಾನಾಗೇ ಬಿಡಿಸಿಕೊಳ್ಳುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲತೀರ, 1961ರಿಂದ 1964ರವರೆಗಿನ ನಾಲ್ಕು ವರ್ಷ, ಹೆಚ್ಚೂಕಡಿಮೆ ಅಷ್ಟೇ. ಹಲಗೆ ಏರಿ ಅಲೆಯ ಮೇಲೆ ಜಾರುವ ಹುಡುಗರು ಹಗಲೆಲ್ಲಾ ಸಮುದ್ರದಲ್ಲಿ, ರಾತ್ರಿ ಕುಣಿತದ ಹಾಲ್‌ಗಳಲ್ಲಿ. ಬಾಲ್ಬೋವಾದ ರಾಂದೇವೂ ಬಾಲ್‌ರೂಮ್‌ನಲ್ಲಿ ಗಿಟಾರ್ ವಾದಕ ಡಿಕ್ ಡೇಲ್ ನುಡಿಸುತ್ತಿದ್ದ. ಬೆಲ್‌ಏರ್ಸ್, ಶಾಂಟೇಸ್, ಸರ್ಫಾರಿಸ್ ಅಂತ ಹದಿಹರೆಯದವರ ತಂಡಗಳು ಸುತ್ತಮುತ್ತ ಹುಟ್ಟಿದವು. ಇವರೆಲ್ಲರಿಗೂ ಮೊದಲೇ, 1960ರಲ್ಲಿ, ವಾಷಿಂಗ್ಟನ್ ರಾಜ್ಯದ ಟಕೋಮಾದಿಂದ ಬಂದ ವೆಂಚರ್ಸ್ ಮತ್ತು ಇಂಗ್ಲೆಂಡಿನ ಶ್ಯಾಡೋಸ್ ಹಾಡುಗಾರನೇ ಇಲ್ಲದ ಗಿಟಾರ್ ತಂಡ ಜನಪ್ರಿಯವಾಗಬಲ್ಲದು ಅಂತ ತೋರಿಸಿಕೊಟ್ಟಿದ್ದರು. ಅವರು ಸರ್ಫ್ ತಂಡಗಳಲ್ಲ, ಆದರೆ ಸರ್ಫ್ ಹುಡುಗರು ಅವರನ್ನು ಕೇಳಿಯೇ ಕಲಿತರು.

ಹಾಡುವವರು ಇಲ್ಲ ಅನ್ನುವುದು ಇಲ್ಲಿ ಮುಖ್ಯ. ಮಾತು ಇಲ್ಲ, ಸಾಹಿತ್ಯ ಇಲ್ಲ. ರಾಗವನ್ನು ಗಿಟಾರೇ ಹೇಳಬೇಕು, ಅದೂ ಪೂರ್ತಿ ಜೋರಾಗಿ ಬಡಿಯುವ ಡ್ರಮ್ಸಿನ ಮೇಲೆ. ಹಾಗಾಗಿ ಪ್ರತಿ ಸ್ವರಕ್ಕೂ ಒಂದು ಅಂಚು ಬೇಕು. ಸ್ವರ ಎಲ್ಲಿ ಶುರುವಾಯಿತು ಅಂತ ಕೇಳುವವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು.

ಈಗ ಗಿಟಾರ್ ಬಿಟ್ಟು ಸ್ವಲ್ಪ ಪೆಟ್ಟಿಗೆಯ ಕಡೆ ಬರುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಗಿಟಾರ್ ಆರಿಸುವುದು ಅಲ್ಲಿಂದಲೇ ಶುರುವಾಗಬೇಕು. 1961ರಲ್ಲಿ, ಗಿಟಾರ್ ಮತ್ತು ಆಂಪ್ ಮಾಡುವ ಫೆಂಡರ್ ಕಂಪನಿ 6ಜಿ15 ಅನ್ನುವ ರಿವರ್ಬ್ ಯೂನಿಟ್ ತಂದಿತು. ಆಂಪ್‌ಗಿಂತ (ಸದ್ದು ಜೋರು ಮಾಡುವ ಆಂಪ್ಲಿಫೈಯರ್‌ಗಿಂತ) ಬೇರೆಯಾದ ಪೆಟ್ಟಿಗೆ, ಒಳಗೆ ವಾಲ್ವ್‌ಗಳು, ತಳದಲ್ಲಿ ಸ್ಪ್ರಿಂಗ್‌ಗಳಿರುವ ಒಂದು ತಟ್ಟೆ. ಗಿಟಾರಿನಿಂದ ಈ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಆಂಪ್‌ಗೆ ವೈರ್. ಮುಂದೆ ಮೂರೇ ಗುಬುಟು: ಡ್ವೆಲ್, ಮಿಕ್ಸರ್, ಟೋನ್. ಮಿಕ್ಸರ್ ಅಂದರೆ ಒಣ ಸದ್ದಿಗೆ, ಅಂದರೆ ಬರೀ ಗಿಟಾರಿಗೆ, ಒದ್ದೆ ಸದ್ದು, ಅಂದರೆ ರಿವರ್ಬ್, ಎಷ್ಟು ಬೆರೆಯಬೇಕು ಅನ್ನುವುದು. ಡ್ವೆಲ್ ಅಂದರೆ ಸ್ಪ್ರಿಂಗನ್ನು ಎಷ್ಟು ಜೋರಾಗಿ ಅಲುಗಾಡಿಸಬೇಕು ಅನ್ನುವುದು. ಈ ಡ್ವೆಲ್‌ನಲ್ಲೇ ಇರುವುದು ಗುಟ್ಟು. ಆಮೇಲೆ ಬಂದ ಆಂಪ್‌ಗಳಲ್ಲಿ ಒಳಗೇ ರಿವರ್ಬ್ ಇರುತ್ತದೆ, ಅದೂ ಚೆನ್ನಾಗಿಯೇ ಇದೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಒಂದೇ ಗುಬುಟು, ಸ್ಪ್ರಿಂಗನ್ನು ಎಷ್ಟು ಹೊಡೆಯಬೇಕು ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಸ್ಪ್ರಿಂಗಿನ ಕೆಲಸ ಸರಳ. ಒಂದು ತುದಿಯಲ್ಲಿ ಗಿಟಾರಿನ ಸಿಗ್ನಲ್ ಅದನ್ನು ಅಲುಗಾಡಿಸುತ್ತದೆ, ಆ ಅಲುಗಾಟ ಇನ್ನೊಂದು ತುದಿಗೆ ಓಡಿ ಅಲ್ಲಿ ಮತ್ತೆ ಸಿಗ್ನಲ್ ಆಗುತ್ತದೆ, ಉಳಿದದ್ದು ತಿರುಗಿ ಬರುತ್ತದೆ, ಹೀಗೆ ಕೆಲವು ಸಲ ಓಡಾಡಿ ಸುಸ್ತಾಗುತ್ತದೆ. ಸ್ಪ್ರಿಂಗಿನಲ್ಲಿ ಎಲ್ಲ ಸ್ವರಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಅದಕ್ಕೇ ಒಂದು ಚುರುಕು ಪೆಟ್ಟು ಒಳಗೆ ಹೋದರೆ ಹೊರಗೆ ಬರುವಾಗ ಅದು ಎಳೆದುಕೊಂಡು 'ಪ್ಳಿಕ್' ಅಂತ ತೊಟ್ಟಿಕ್ಕಿದ ಹಾಗೆ ಕೇಳುತ್ತದೆ. ಸರ್ಫ್ ನುಡಿಸುವವರು ಇದಕ್ಕೆ ಡ್ರಿಪ್ ಅನ್ನುತ್ತಾರೆ. ಆ ತೊಟ್ಟು ಬೀಳಬೇಕಾದರೆ ಪೆಟ್ಟು ಚುರುಕಾಗಿರಬೇಕು, ಪೆಟ್ಟಿನ ಹಿಂದೆ ಖಾಲಿ ಜಾಗ ಇರಬೇಕು. ಸ್ವರ ಎಳೆದುಕೊಂಡು ನಿಂತೇ ಇದ್ದರೆ ತೊಟ್ಟು ಬಿದ್ದದ್ದು ಯಾರಿಗೆ ಕೇಳುತ್ತದೆ?

ಹಾಗಾಗಿ ದುಡ್ಡು ಒಂದಕ್ಕೇ ಸಾಕಾಗುವಷ್ಟು ಇದ್ದರೆ ಮೊದಲು ಒಳ್ಳೆಯ ಸ್ಪ್ರಿಂಗ್ ರಿವರ್ಬ್ ಕೊಳ್ಳಿ ಅಂತ ನಾನು ಹೇಳುತ್ತೇನೆ. ಸಾಧಾರಣ ಗಿಟಾರ್ ಒಳ್ಳೆ ಸ್ಪ್ರಿಂಗಿನಲ್ಲಿ ಸರ್ಫ್ ಆಗುತ್ತದೆ, ದುಬಾರಿ ಗಿಟಾರ್ ಕೆಟ್ಟ ರಿವರ್ಬಿನಲ್ಲಿ ಆಗುವುದಿಲ್ಲ. ಇದಕ್ಕೆ ಒಂದು ತಿದ್ದುಪಡಿ ಇದೆ. 1961ರ ಮೊದಮೊದಲ ಸರ್ಫ್ ರೆಕಾರ್ಡ್‌ಗಳಲ್ಲಿ, ಡಿಕ್ ಡೇಲ್‌ನ 'ಲೆಟ್ಸ್ ಗೋ ಟ್ರಿಪ್ಪಿನ್' ಸೇರಿದಂತೆ, ಈ ಒದ್ದೆ ಸದ್ದು ಇಲ್ಲ. ಅದು ಒಣ ಗಿಟಾರ್. ಅದನ್ನು ಕೇಳಿದಾಗ ಅನ್ನಿಸುತ್ತದೆ, ಸರ್ಫ್ ಅಂದರೆ ರಿವರ್ಬ್ ಅಷ್ಟೇ ಅಲ್ಲ, ಬಲಗೈ ಕೂಡ. ಮೇಲೆ ಕೆಳಗೆ, ಮೇಲೆ ಕೆಳಗೆ, ಬಿಡುವಿಲ್ಲದ ಡಬಲ್ ಪಿಕಿಂಗ್. ಡಿಕ್ ಡೇಲ್‌ನ ತಂದೆಯ ಕಡೆಯವರು ಲೆಬನಾನಿನವರು, ಆ ಮನೆಯ ತಾಳವಾದ್ಯದ ಲಯ ಅವನ ಬಲಗೈಯಲ್ಲಿ ಇತ್ತು. ಅಂಥ ಕೈಗೆ ತಂತಿ ತಡೆದುಕೊಳ್ಳಬೇಕಲ್ವಾ, ಅದಕ್ಕೆ ಆಮೇಲೆ ಬರುತ್ತೇನೆ.

ಪಿಕಪ್ ವಿಷಯ ಬೇಗ ಮುಗಿಸುತ್ತೇನೆ. ಸಿಂಗಲ್ ಕಾಯಿಲ್ ತೆಗೆದುಕೊಳ್ಳಿ. ಹಂಬಕರ್ ಎರಡು ಕಾಯಿಲ್ ಜೋಡಿಸಿ ಗುಂಯ್ ಅನ್ನುವ ಕರೆಂಟಿನ ಸದ್ದನ್ನು ಅಡಗಿಸುತ್ತದೆ, ಅದು ಅದರ ಒಳ್ಳೆಯ ಗುಣ, ಆದರೆ ಜೊತೆಗೇ ಮೇಲಿನ ಚುರುಕು ಸದ್ದನ್ನೂ ಒಂದಿಷ್ಟು ತಿಂದು ಪೆಟ್ಟಿನ ಅಂಚನ್ನು ದುಂಡಗೆ ಮಾಡುತ್ತದೆ. ಸ್ಪ್ರಿಂಗಿಗೆ ಬೇಕಾದದ್ದು ಆ ಅಂಚೇ. ಸಿಂಗಲ್ ಕಾಯಿಲ್ ಗುಂಯ್‌ಗುಡುತ್ತದೆ, ಒಪ್ಪಿಕೊಳ್ಳಿ. ನುಡಿಸಲು ಶುರು ಮಾಡಿದ ಮೇಲೆ ಅದು ಯಾರ ಕಿವಿಗೂ ಬೀಳುವುದಿಲ್ಲ.

ಫೆಂಡರ್‌ನ ಸ್ಟ್ರಾಟೊಕಾಸ್ಟರ್, ಚಿಕ್ಕದಾಗಿ ಸ್ಟ್ರಾಟ್, ಅದರಿಂದ ಶುರು ಮಾಡೋಣ, ಯಾಕೆಂದರೆ ಬಹಳ ಜನರ ಮನೆಯಲ್ಲಿ ಈಗಾಗಲೇ ಇರುವುದು ಅದೇ. 1954ರಲ್ಲಿ ಬಂದದ್ದು, ಮೂರು ಸಿಂಗಲ್ ಕಾಯಿಲ್, ಇಪ್ಪತ್ತೈದೂವರೆ ಇಂಚು ಸ್ಕೇಲ್ (ತಂತಿ ಮೊಳಗುವ ಭಾಗದ ಉದ್ದ), ಮೈಯೊಳಗೆ ಸ್ಪ್ರಿಂಗ್ ಇರುವ ಟ್ರೆಮೊಲೊ, ಅಂದರೆ ಆರ್ಮ್ ಅನ್ನುವ ಹಿಡಿ ಒತ್ತಿ ಸ್ವರ ಬಾಗಿಸುವ ಏರ್ಪಾಡು. ಡಿಕ್ ಡೇಲ್ ನುಡಿಸಿದ್ದು ಸ್ಟ್ರಾಟ್. ಶ್ಯಾಡೋಸ್‌ನ ಹ್ಯಾಂಕ್ ಮಾರ್ವಿನ್ ನುಡಿಸಿದ್ದೂ ಸ್ಟ್ರಾಟ್. ಹಾಗಾಗಿ 'ಸ್ಟ್ರಾಟ್‌ನಲ್ಲಿ ಸರ್ಫ್ ಬರಲ್ಲ' ಅನ್ನುವವರ ಮಾತು ಕೇಳಬೇಡಿ. ನಿಮ್ಮಲ್ಲಿ ಒಂದು ಒಳ್ಳೆ ಸ್ಟ್ರಾಟ್ ಇದ್ದರೆ ಹೊಸ ಗಿಟಾರ್ ಕೊಳ್ಳುವ ಮೊದಲು ಅದರ ತಂತಿ ಬದಲಿಸಿ ನೋಡಿ. ಡಿಕ್ ಡೇಲ್‌ನ ತಂತಿಗಳು ಇಂಚಿನ ಸಾವಿರದಲ್ಲಿ 16 ಭಾಗದಿಂದ ಶುರುವಾಗಿ 60ರ ಹತ್ತಿರ ಮುಗಿಯುತ್ತಿದ್ದವು. ಈಗ ಅಂಗಡಿಯಲ್ಲಿ ತೂಗುವ ಹೆಚ್ಚಿನ ಗಿಟಾರ್‌ಗಳಲ್ಲಿ 9 ಇಲ್ಲವೇ 10ರಿಂದ ಶುರುವಾಗುತ್ತವೆ. ಅವನು ಎಡಗೈಯವನು, ಬಲಗೈಯವರಿಗೆ ಕಟ್ಟಿದ ತಂತಿಯ ಕ್ರಮವನ್ನೇ ತಿರುಗಿಸಿ ಹಿಡಿದು ಕಲಿತವನು, ದಪ್ಪ ತಂತಿ ಅವನಿಗೆ ಕೆಳಗೆ ಬರುತ್ತಿತ್ತು. ಅವನ ಹೊಡೆತಕ್ಕೆ ಆಂಪ್‌ಗಳು ಸೋಲುತ್ತಿದ್ದವು. ಕಂಪನಿ ಕಟ್ಟಿದ ಲಿಯೋ ಫೆಂಡರ್ ಅವನ ಜೊತೆ ಕೂತು ಶೋಮ್ಯಾನ್ ಆಂಪ್ ಮತ್ತು ಜೆಬಿಎಲ್‌ನ 15 ಇಂಚಿನ ಸ್ಪೀಕರ್ ವರೆಗೆ ಬಂದ ಕಥೆ ಪ್ರಸಿದ್ಧವಾದದ್ದು. ಅವನಂತೆ 16ರ ತಂತಿ ಹಾಕಿ ಅಂತ ಯಾರಿಗೂ ಹೇಳಲ್ಲ, ಬೆರಳು ಕಿತ್ತುಹೋಗುತ್ತವೆ. 11 ಸಾಕು, ಕೈ ಪಳಗಿದವರಿಗೆ 12.

ಸ್ಟ್ರಾಟ್ ನನಗೆ ಯಾಕೆ ಒಗ್ಗಲಿಲ್ಲ ಅಂದರೆ ಎರಡು ಕಾರಣ. ಡಬಲ್ ಪಿಕಿಂಗ್ ಮಾಡುವಾಗ ನನ್ನ ಕಿರುಬೆರಳು ವಾಲ್ಯೂಮ್ ಗುಬುಟಿಗೆ ತಾಗಿ ತಾಗಿ, ಅರ್ಧ ಪಲ್ಲವಿಯಲ್ಲೇ ಸದ್ದು ಇಳಿದುಹೋಗುತ್ತಿತ್ತು. ಇನ್ನೊಂದು, ಅದರ ಟ್ರೆಮೊಲೊ. ಅದು ಚುರುಕು, ದೊಡ್ಡ ದೊಡ್ಡ ಜಾರುಗಳಿಗೆ ಚೆನ್ನ. ನನಗೆ ಬೇಕಿದ್ದದ್ದು ವಾಕ್ಯದ ಕೊನೆಗೆ ಒಂದು ಸಣ್ಣ ಬಾಗು, ಕತ್ತು ಸ್ವಲ್ಪ ಆಡಿಸಿದ ಹಾಗೆ. ಕೈ ಪಳಗಿದವರು ಸ್ಟ್ರಾಟ್‌ನಲ್ಲೂ ಅದನ್ನು ತರುತ್ತಾರೆ, ಹ್ಯಾಂಕ್ ಮಾರ್ವಿನ್‌ನನ್ನು ಕೇಳಿದರೆ ಗೊತ್ತಾಗುತ್ತದೆ. ನನಗೆ ಬರಲಿಲ್ಲ.

ಹೀಗೆ ಜಾಝ್‌ಮಾಸ್ಟರ್ ಕಡೆ ಬಂದೆ.

1958ರಲ್ಲಿ ಫೆಂಡರ್ ಇದನ್ನು ಮಾಡಿದ್ದು ಜಾಝ್ ನುಡಿಸುವವರಿಗೆ ಅಂತ, ಹೆಸರಲ್ಲೇ ಇದೆ. ಆ ಜನ ತಮ್ಮ ಟೊಳ್ಳು ಮೈಯ ಗಿಟಾರ್‌ಗಳನ್ನು ಬಿಟ್ಟು ಬರಲಿಲ್ಲ. ಬಂದವರು ಸರ್ಫ್ ಹುಡುಗರು. ಪಿಕಪ್ ನೋಡಿದರೆ ಅಗಲವಾದ ಸೋಪಿನಂತಿದೆ, ಹಾಗಾಗಿ ಬಹಳ ಜನ ಅದನ್ನು ಗಿಬ್ಸನ್ ಕಂಪನಿಯ ಪಿ-90 ಪಿಕಪ್ ಅಂದುಕೊಳ್ಳುತ್ತಾರೆ. ಅಲ್ಲ. ಪಿ-90ಯಲ್ಲಿ ಕಾಯಿಲ್‌ನ ಕೆಳಗೆ ಪಟ್ಟಿ ಆಕಾರದ ಅಯಸ್ಕಾಂತಗಳು ಇರುತ್ತವೆ. ಜಾಝ್‌ಮಾಸ್ಟರ್‌ನಲ್ಲಿ ತಂತಿಯ ಕೆಳಗಿನ ಒಂದೊಂದು ಕಂಬಿಯೂ ಅಯಸ್ಕಾಂತವೇ, ಸುತ್ತಲಿನ ಕಾಯಿಲ್ ಚಪ್ಪಟೆ, ಅಗಲ. ಸ್ಟ್ರಾಟ್‌ಗಿಂತ ತುಂಬಿದ ಸದ್ದು, ಆದರೂ ಅಂಚು ಹರಿತ. ವಾಲ್ಯೂಮ್ ಮತ್ತು ಟೋನ್‌ಗೆ ಸ್ಟ್ರಾಟ್‌ನಲ್ಲಿ 250 ಕಿಲೋ ಓಮ್‌ನ ಪಾಟ್ (ಗುಬುಟಿನ ಕೆಳಗಿನ ರೆಸಿಸ್ಟರ್) ಇದ್ದರೆ ಇಲ್ಲಿ 1 ಮೆಗಾ ಓಮ್, ಹಾಗಾಗಿ ಮೇಲಿನ ಸದ್ದು ಸೋರಿಹೋಗುವುದು ಕಡಿಮೆ. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಗುಂಯ್ ಸದ್ದು ಒಂದನ್ನೊಂದು ಹೊಡೆದು ಅಡಗುತ್ತದೆ. ಮೇಲಿನ ಕೊಂಬಿನ ಹತ್ತಿರ ಒಂದು ಸಣ್ಣ ಸ್ವಿಚ್ ಇದೆ, ಅದನ್ನು ಸರಿಸಿದರೆ ನೆಕ್ (ಗಿಟಾರಿನ ಕತ್ತು) ಕಡೆಯ ಪಿಕಪ್ ಮಾತ್ರ, ಬೇರೆಯದೇ ವಾಲ್ಯೂಮ್ ಮತ್ತು ಟೋನ್‌ನಲ್ಲಿ, ಮಂದವಾಗಿ ಕೇಳುತ್ತದೆ. ರಿದಮ್ ಸರ್ಕ್ಯೂಟ್ ಅನ್ನುತ್ತಾರೆ. ಕೆಲವರು ಇದನ್ನು ಕಿತ್ತೇ ಹಾಕುತ್ತಾರೆ. ದಯವಿಟ್ಟು ಕೀಳಬೇಡಿ, ನಿಧಾನದ ತುಣುಕುಗಳಲ್ಲಿ ಆ ಕತ್ತಲು ಸದ್ದು ರಿವರ್ಬಿನಲ್ಲಿ ಅದ್ದಿದಾಗ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ.

ಇದರ ಟ್ರೆಮೊಲೊ ಬಗ್ಗೆ ಮಾತು ಶುರು ಮಾಡಿದರೆ ನನಗೆ ನಿಲ್ಲಿಸಲು ಆಗುವುದಿಲ್ಲ. ಮೊದಲು ಹೆಸರಿನ ಗೊಂದಲ ಬಿಡಿಸಿಬಿಡುತ್ತೇನೆ. ಸ್ವರದ ಎತ್ತರ ಆಡಿದರೆ ಅದು ವೈಬ್ರಾಟೊ, ಸದ್ದಿನ ಜೋರು ಆಡಿದರೆ ಅದು ಟ್ರೆಮೊಲೊ. ಫೆಂಡರ್ ಗಿಟಾರಿನ ಆರ್ಮ್‌ಗೆ ಟ್ರೆಮೊಲೊ ಅಂತ ಹೆಸರಿಟ್ಟಿತು, ಆಂಪ್ ಮೇಲಿನ ಟ್ರೆಮೊಲೊಗೆ ವೈಬ್ರಾಟೊ ಅಂತ ಬರೆಯಿತು. ಎರಡೂ ತಿರುವುಮುರುವು. ಈಗ ಎಲ್ಲರೂ ಹಾಗೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಜಾಝ್‌ಮಾಸ್ಟರ್‌ನಲ್ಲಿ ತಂತಿಗಳು ಬ್ರಿಡ್ಜ್ (ಮೈ ಮೇಲೆ ತಂತಿಗಳನ್ನು ಹೊರುವ ಮಣೆ) ದಾಟಿ ಸಾಕಷ್ಟು ದೂರ ಹಿಂದೆ ಹೋಗಿ ಒಂದು ಲೋಹದ ತಗಡಿಗೆ ಸಿಕ್ಕಿಕೊಳ್ಳುತ್ತವೆ, ಆ ತಗಡು ಒಳಗಿನ ಒಂದೇ ಸ್ಪ್ರಿಂಗಿನ ಮೇಲೆ ತೂಗುತ್ತದೆ. ಬ್ರಿಡ್ಜ್ ಕೂಡ ಬಿಗಿಯಾಗಿ ಕೂತಿಲ್ಲ, ಎರಡು ಚೂಪು ಕಾಲಿನ ಮೇಲೆ ನಿಂತು ತಂತಿಯ ಜೊತೆ ಹಿಂದೆ ಮುಂದೆ ಆಡುತ್ತದೆ. ಆರ್ಮ್ ಉದ್ದ, ಪಿಕ್ ಹಿಡಿದ ಕೈಯಲ್ಲೇ ಅದನ್ನೂ ಹಿಡಿದುಕೊಂಡು ನುಡಿಸಬಹುದು. ಸ್ವಲ್ಪ ಒತ್ತಿದರೆ ಸ್ವಲ್ಪವೇ ಬಾಗುತ್ತದೆ, ಬಿಟ್ಟರೆ ಮೆತ್ತಗೆ ವಾಪಸ್ ಬರುತ್ತದೆ. ತಗಡಿನ ಮೇಲೆ ಒಂದು ಜಾರುವ ಗುಂಡಿ ಇದೆ, ಟ್ರೆಮೊಲೊವನ್ನು ಸರಿಯಾಗಿ ಹೊಂದಿಸಿಕೊಂಡಿದ್ದರೆ, ನುಡಿಸುವಾಗ ಒಂದು ತಂತಿ ತುಂಡಾದರೂ ಆ ಗುಂಡಿ ಜಾರಿಸಿ ಉಳಿದ ಐದನ್ನು ಮತ್ತೆ ಶ್ರುತಿಗೆ ತರಬಹುದು.

ಈ ವಿನ್ಯಾಸದಲ್ಲೇ ನಾನು ಶುರುವಲ್ಲಿ ಹೇಳಿದ ವಿಷಯವೂ ಅಡಗಿದೆ. ತಂತಿ ಬ್ರಿಡ್ಜ್ ಮೇಲೆ ತೀರಾ ಕಡಿಮೆ ಇಳಿಜಾರಿನಲ್ಲಿ ಹಾದುಹೋಗುತ್ತದೆ, ಹಾಗಾಗಿ ಅದರ ಮೇಲೆ ಒತ್ತಡ ಕಡಿಮೆ. ಆಡುವ ಬ್ರಿಡ್ಜ್ ತಂತಿಯ ಶಕ್ತಿಯನ್ನು ಕುಡಿಯುತ್ತದೆ. ಪರಿಣಾಮ, ಸ್ವರ ಟಣ್ ಅಂತ ಹುಟ್ಟಿ ಬೇಗ ಅಡಗುತ್ತದೆ. ಬೇರೆ ಸಂಗೀತದವರು ಇದನ್ನೇ ದೋಷ ಅಂತ ಬೈದರು. ನಮಗೆ ಇದೇ ವರ. ಬ್ರಿಡ್ಜಿನ ಹಿಂದೆ ಉಳಿದ ತಂತಿಯ ತುಂಡು ಕೂಡ ತನ್ನಷ್ಟಕ್ಕೆ ಸಣ್ಣಗೆ ಮೊಳಗುತ್ತಿರುತ್ತದೆ.

ಒಳ್ಳೆಯದು ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ನನ್ನ ಮೊದಲ ಜಾಝ್‌ಮಾಸ್ಟರ್ ಮನೆಗೆ ಬಂದ ವಾರದಲ್ಲೇ ಅಳು ಬರುವಂತಾಯಿತು. ಮಂದ್ರದ ದಪ್ಪ ತಂತಿಯನ್ನು ಜೋರಾಗಿ ಹೊಡೆದರೆ ಅದು ಬ್ರಿಡ್ಜಿನ ಸ್ಯಾಡಲ್ (ತಂತಿ ಕೂರುವ ಗೆರೆಗಳಿರುವ ತುಂಡು) ಮೇಲಿನ ತನ್ನ ಗೆರೆಯಿಂದ ಹಾರಿ ಪಕ್ಕದ ಗೆರೆಗೆ ಕೂರುತ್ತಿತ್ತು. ಎಲ್ಲಿಂದಲೋ ಗಿರ್ರ್ ಅನ್ನುವ ಸದ್ದು. ಸ್ಯಾಡಲ್‌ನ ಪುಟ್ಟ ಸ್ಕ್ರೂಗಳು ನುಡಿಸುತ್ತಾ ನುಡಿಸುತ್ತಾ ತಾವೇ ಸಡಿಲವಾಗಿ ತಂತಿಗಳು ಒಂದೊಂದು ಎತ್ತರಕ್ಕೆ ಹೋಗುತ್ತಿದ್ದವು. ರಿಪೇರಿ ಮಾಡುವವರೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬ್ರಿಡ್ಜಿನ ಹಿಂದೆ ತಂತಿಗಳನ್ನು ಕೆಳಗೆ ಅದುಮಿ ಹಿಡಿಯುವ ಒಂದು ಉರುಳೆಯ ಪಟ್ಟಿ ಹಾಕಿಕೊಟ್ಟರು. ತಂತಿ ಹಾರುವುದು ನಿಂತಿತು, ನಿಜ. ಆದರೆ ಆರ್ಮ್ ಗಡುಸಾಯಿತು, ಶ್ರುತಿ ಸರಿಯಾಗಿ ವಾಪಸ್ ಬರುತ್ತಿರಲಿಲ್ಲ, ಸ್ವರ ಉದ್ದವಾಯಿತು, ಹಿಂದಿನ ತುಂಡಿನ ಮೊಳಗು ಸತ್ತೇಹೋಯಿತು. ಯಾವುದಕ್ಕಾಗಿ ಆ ಗಿಟಾರ್ ಕೊಂಡಿದ್ದೆನೋ ಅದೇ ಇಲ್ಲ. ಎರಡು ತಿಂಗಳು ಹಾಗೇ ನುಡಿಸಿ, ಗಿಟಾರ್ ಸರಿ ಇಲ್ಲ ಅಂದುಕೊಂಡು ಮಾರಿಬಿಟ್ಟೆ. ಈಗಲೂ ಆ ಗಿಟಾರ್ ನೆನೆದರೆ ಬೇಜಾರಾಗುತ್ತದೆ.

ಆಮೇಲೆ ಗೊತ್ತಾದದ್ದು ಇಷ್ಟು. ಈ ಗಿಟಾರ್ ಮಾಡಿದ ಕಾಲದಲ್ಲಿ ತಂತಿಗಳೇ ದಪ್ಪ, ಮೂರನೇ ತಂತಿಗೂ ಲೋಹದ ಸುತ್ತು ಇರುತ್ತಿತ್ತು. ದಪ್ಪ ತಂತಿ ಬಿಗಿಯಾಗಿ ನಿಂತು ಬ್ರಿಡ್ಜನ್ನು ಚೆನ್ನಾಗಿ ಅದುಮುತ್ತದೆ. ಅದೇ ಗಿಟಾರ್‌ಗೆ 9ರ ತಂತಿ ಹಾಕಿದರೆ ಅದು ಹಾರದೆ ಇನ್ನೇನು ಮಾಡುತ್ತದೆ? ಎರಡನೆಯದು, ನೆಕ್ ಕೂರುವ ಗುಳಿಯಲ್ಲಿ, ಮೈಯ ಕಡೆಯ ತುದಿಗೆ, ತೆಳ್ಳನೆಯ ಒಂದು ಚೂರು ಇಟ್ಟು ನೆಕ್ಕನ್ನು ಸ್ವಲ್ಪವೇ ಹಿಂದಕ್ಕೆ ವಾಲಿಸಬೇಕು. ಇದಕ್ಕೆ ಶಿಮ್ ಅನ್ನುತ್ತಾರೆ. ನೆಕ್ ವಾಲಿದರೆ ಬ್ರಿಡ್ಜನ್ನು ಮೇಲಕ್ಕೆ ಏರಿಸಬೇಕಾಗುತ್ತದೆ, ಬ್ರಿಡ್ಜ್ ಏರಿದರೆ ತಂತಿ ಹಿಂದಕ್ಕೆ ಇಳಿಯುವ ಕೋನ ಜಾಸ್ತಿಯಾಗುತ್ತದೆ, ಒತ್ತಡ ಸಿಗುತ್ತದೆ. ಮೂರನೆಯದು, ಬೇಕಾದರೆ ಫೆಂಡರ್‌ನದೇ ಮಸ್ಟಾಂಗ್ ಗಿಟಾರಿನ ಸ್ಯಾಡಲ್‌ಗಳು, ಅವುಗಳಲ್ಲಿ ತಂತಿಗೊಂದೇ ಆಳದ ಗೆರೆ, ಹಾರಲು ಜಾಗವಿಲ್ಲ. ಸ್ಕ್ರೂಗಳಿಗೆ ಒಂದು ತೊಟ್ಟು ಅಂಟು ಸಾಕು. ಇಷ್ಟು ಮಾಡಿದ ಜಾಝ್‌ಮಾಸ್ಟರ್ ಬಂಡೆಯಂತೆ ನಿಲ್ಲುತ್ತದೆ, ಅದರ ಗುಣ ಒಂದೂ ಕೆಡದೆ. ಉರುಳೆ ಪಟ್ಟಿ ಹಾಕುವ ಮೊದಲು ಇದನ್ನು ಮಾಡಿಸಿ, ಬೇಡಿಕೊಳ್ಳುತ್ತೇನೆ.

ಇನ್ನು ಜಾಗ್ವಾರ್. 1962ರಲ್ಲಿ, ಸರ್ಫ್ ಉಕ್ಕುತ್ತಿದ್ದ ಹೊತ್ತಲ್ಲೇ ಬಂತು. ನೋಡಲು ಜಾಝ್‌ಮಾಸ್ಟರ್‌ನ ತಂಗಿ, ಮೈ ಹತ್ತಿರ ಹತ್ತಿರ ಅದೇ, ಟ್ರೆಮೊಲೊ ಅದೇ. ಸ್ಕೇಲ್ ಮಾತ್ರ 24 ಇಂಚು, ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಗೆರೆ) 22. ಇಪ್ಪತ್ತೈದೂವರೆಗಿಂತ ಒಂದೂವರೆ ಇಂಚು ಕಡಿಮೆ, ಅಷ್ಟಕ್ಕೆ ಏನಾಗುತ್ತೆ ಅಂತ ಅನ್ನಿಸಬಹುದು. ಅದೇ ತಂತಿ, ಅದೇ ಶ್ರುತಿ, ಉದ್ದ ಇಷ್ಟು ಕಡಿಮೆಯಾದರೆ ಬಿಗಿ ಸುಮಾರು ನೂರಕ್ಕೆ 11 ಪಾಲು ಇಳಿಯುತ್ತದೆ. ಎಡಗೈ ಬೆರಳುಗಳಿಗೆ ಹತ್ತಿರದ ಫ್ರೆಟ್‌ಗಳು, ಮೆತ್ತಗಿನ ತಂತಿ. ಸ್ವರ ಇನ್ನೂ ಬೇಗ ಅಡಗುತ್ತದೆ. ಬಿಗಿ ಕಡಿಮೆ ಅನ್ನುವುದಕ್ಕೇ ಇಲ್ಲಿ ದಪ್ಪ ತಂತಿ ಬೇಕೇ ಬೇಕು, 11ಕ್ಕಿಂತ ಕೆಳಗೆ ಇಳಿಯಲೇಬೇಡಿ.

ಪಿಕಪ್‌ಗಳು ಜಾಝ್‌ಮಾಸ್ಟರ್‌ನಂತೆ ಅಗಲ ಅಲ್ಲ, ಸ್ಟ್ರಾಟ್‌ಗೆ ಹತ್ತಿರದವು, ಎರಡು ಪಕ್ಕಕ್ಕೂ ಗರಗಸದ ಹಲ್ಲಿನಂಥ ಲೋಹದ ಕವಚ. ಸದ್ದು ತೆಳು, ಚುರುಕು, ಗಾಜಿನಂತೆ. ಕೆಳಗಿನ ಕೊಂಬಿನ ಮೇಲೆ ಮೂರು ಜಾರು ಸ್ವಿಚ್. ಎರಡು ಪಿಕಪ್‌ಗಳಿಗೆ ಒಂದೊಂದು, ಮೂರನೆಯದು ಕೆಳಗಿನ ಮಂದ್ರ ಸದ್ದನ್ನು ಕತ್ತರಿಸುತ್ತದೆ. ಕತ್ತು ಹಿಸುಕಿದ ಹಾಗೆ ಕೇಳುತ್ತದೆ ಅಂತ ಅದಕ್ಕೆ ಸ್ಟ್ರಾಂಗಲ್ ಸ್ವಿಚ್ ಅಂತಲೇ ಅಡ್ಡಹೆಸರು. ತಂಡದಲ್ಲಿ ಎರಡನೇ ಗಿಟಾರ್ ನುಡಿಸುವವರಿಗೆ ಇದು ಬಂಗಾರ. ಬಾಸ್ ಗಿಟಾರ್ ಇರುವ ಜಾಗಕ್ಕೆ ಕೈ ಹಾಕದೆ, ಮೇಲೆ ಮೇಲೆ ಚಿಕ್ ಚಿಕ್ ಅಂತ ತಾಳ ಹಿಡಿಯಬಹುದು. ಬ್ರಿಡ್ಜಿನ ಹತ್ತಿರ ಫೋಮ್ ಅಂಟಿಸಿದ ಒಂದು ಮ್ಯೂಟ್ ಕೂಡ ಇತ್ತು, ಒತ್ತಿದರೆ ಮೇಲೆದ್ದು ತಂತಿಗೆ ತಾಗುತ್ತದೆ. ಆಲೋಚನೆ ಚೆನ್ನಾಗಿದೆ, ಆದರೆ ತಂತಿಯನ್ನು ತಳ್ಳಿ ಶ್ರುತಿ ಏರಿಸಿಬಿಡುತ್ತದೆ. ಅಂಗೈಯ ಅಂಚಿನಿಂದ ತಂತಿ ಅದುಮುವುದೇ ಸರಿ, ಡ್ರಿಪ್ ಬರುವುದೂ ಹಾಗೇ.

ಹಾಗಾದರೆ ಎರಡರಲ್ಲಿ ಯಾವುದು? ರಾಗ ಹೇಳುವ ಗಿಟಾರ್ ಒಂದೇ ಬೇಕು, ಎಲ್ಲ ಬಗೆಯ ತುಣುಕುಗಳಿಗೂ ಅದೇ ಆಗಬೇಕು ಅಂದರೆ ಜಾಝ್‌ಮಾಸ್ಟರ್. ಅದರಲ್ಲಿ ಮೈ ತುಂಬಿದ ಸದ್ದಿದೆ, ಡ್ರಮ್ಸ್ ಮತ್ತು ಬಾಸ್ ಜೊತೆ ಮೂರೇ ಜನರ ತಂಡದಲ್ಲೂ ಖಾಲಿ ಅನ್ನಿಸುವುದಿಲ್ಲ. ಕೈ ಚಿಕ್ಕದಿದ್ದರೆ, ವೇಗದ ಡಬಲ್ ಪಿಕಿಂಗ್ ಜಾಸ್ತಿ ಇದ್ದರೆ, ಅತಿ ಒದ್ದೆ ಸದ್ದೇ ಬೇಕಿದ್ದರೆ ಜಾಗ್ವಾರ್. ನಾನು ಕೊನೆಗೆ ನಿಂತದ್ದು ಜಾಗ್ವಾರ್‌ನಲ್ಲಿ. ರಿವರ್ಬ್ ತುಂಬಾ ತಿರುಗಿಸಿದಾಗಲೂ ಅದರ ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳುತ್ತದೆ, ನನಗೆ ಅದಕ್ಕಿಂತ ಬೇರೆ ಕಾರಣ ಬೇಕಾಗಲಿಲ್ಲ.

ಉಳಿದವುಗಳನ್ನೂ ಸ್ವಲ್ಪ ನೋಡೋಣ. ಮೋಸ್‌ರೈಟ್ ಅಂದರೆ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಸೆಮಿ ಮೋಸ್ಲಿ ಮಾಡಿದ ಗಿಟಾರ್, 1963ರಿಂದ ವೆಂಚರ್ಸ್ ಹೆಸರಿನಲ್ಲೇ ಒಂದು ಮಾದರಿ ಬಂತು. ಸ್ಟ್ರಾಟ್ ಆಕಾರವನ್ನು ತಿರುಗಿಸಿ ಹಿಡಿದಂತಿದೆ. ನೆಕ್ ತೀರಾ ಸಣ್ಣ, ಫ್ರೆಟ್‌ಗಳು ಗಿಡ್ಡ, ಬೆರಳು ಎಣ್ಣೆಯಲ್ಲಿ ಜಾರಿದ ಹಾಗೆ ಓಡುತ್ತವೆ. ಪಿಕಪ್ ಮಾತ್ರ ಬಿಸಿ, ಅಂದರೆ ಸಿಗ್ನಲ್ ಜೋರು, ಆಂಪಿನ ಸದ್ದನ್ನು ಬೇಗ ಕರ್ಕಶವಾಗಿ ಒಡೆಸುತ್ತದೆ, ಮುಂದೆ ರಮೋನ್ಸ್‌ನ ಜಾನಿ ರಮೋನ್ ಪಂಕ್‌ಗೆ ಅದನ್ನೇ ಹಿಡಿದದ್ದು ಅಚ್ಚರಿಯಲ್ಲ. 1960ರ ದಶಕದ ನಡುವೆ ವೆಂಚರ್ಸ್ ಜಪಾನಿಗೆ ಹೋದಾಗ ಅಲ್ಲಿ ಎಲೆಕ್ಟ್ರಿಕ್ ಗಿಟಾರಿನ ದೊಡ್ಡ ಅಲೆಯೇ ಎದ್ದಿತು, ಟಕೇಶಿ ತೆರೌಚಿಯಂಥ ವಾದಕರು ಆ ದಪ್ಪ ಸದ್ದಿನಲ್ಲಿ ಅದ್ಭುತವಾದ ಕೆಲಸ ಮಾಡಿದರು. ನಿಮಗೆ ವೆಂಚರ್ಸ್ ಮತ್ತು ತೆರೌಚಿಯೇ ಪ್ರಾಣವಾದರೆ ಮೋಸ್‌ರೈಟ್ ಮಾದರಿಯದನ್ನೇ ಹುಡುಕಿ. ಕ್ಯಾಲಿಫೋರ್ನಿಯಾದ ಒದ್ದೆ ಸದ್ದು ಬೇಕಿದ್ದರೆ ಅದು ದಾರಿಯಲ್ಲ. ಲಿಪ್‌ಸ್ಟಿಕ್ ಡಬ್ಬಿಯಂಥ ಕೊಳವೆಯಲ್ಲಿ ಪಿಕಪ್ ಇರುವ ಡಾನ್‌ಎಲೆಕ್ಟ್ರೋ ಗಿಟಾರ್‌ಗಳೂ ಈ ಸಂಗೀತಕ್ಕೆ ಚೆನ್ನಾಗಿ ಒಗ್ಗುತ್ತವೆ, ಹಗುರ, ಸದ್ದು ಸ್ವಚ್ಛ, ಆದರೆ ಹೆಚ್ಚಿನವುಗಳಲ್ಲಿ ಆರ್ಮ್ ಇರುವುದಿಲ್ಲ, ಆರ್ಮ್ ಇಲ್ಲದೆ ನನಗೆ ಆಗುವುದಿಲ್ಲ.

ಆ ಕಾಲದ ಅಸಲಿ ಗಿಟಾರೇ ಬೇಕಾ ಅಂತ ಕೇಳುವವರಿಗೆ, ಬೇಡ. ಫೆಂಡರ್ ಜಾಗ್ವಾರ್ ತಯಾರಿಯನ್ನು 1975ರಲ್ಲಿ, ಜಾಝ್‌ಮಾಸ್ಟರ್ ತಯಾರಿಯನ್ನು 1980ರಲ್ಲಿ ನಿಲ್ಲಿಸಿತ್ತು. ಆಗ ಯಾರಿಗೂ ಬೇಡವಾಗಿದ್ದ ಗಿಟಾರ್‌ಗಳು ಈಗ ಸಂಗ್ರಹಕಾರರ ಕೈಯಲ್ಲಿವೆ. ಮರುತಯಾರಿಗಳು ಸಾಕಷ್ಟು ಬಂದಿವೆ. ಫೆಂಡರ್‌ನದೇ ಅಗ್ಗದ ಬ್ರಾಂಡ್ ಸ್ಕ್ವೈಯರ್‌ನ ಕ್ಲಾಸಿಕ್ ವೈಬ್ ಸಾಲಿನ ಜಾಝ್‌ಮಾಸ್ಟರ್ ಮತ್ತು ಜಾಗ್ವಾರ್ ಎರಡರಲ್ಲೂ ತೇಲುವ ಟ್ರೆಮೊಲೊ ಇದೆ, ಜಾಗ್ವಾರ್‌ನಲ್ಲಿ 24 ಇಂಚಿನ ಸ್ಕೇಲೇ ಇದೆ. ಒಂದು ವಿಷಯದಲ್ಲಿ ಎಚ್ಚರ ಬೇಕು. ಹೆಸರು ಜಾಝ್‌ಮಾಸ್ಟರ್ ಅಂತ ಇದ್ದು ಒಳಗೆ ಹಂಬಕರ್ ಇರುವ, ಇಲ್ಲವೇ ಬ್ರಿಡ್ಜ್ ಕದಲದೆ ಗಟ್ಟಿಯಾಗಿ ಕೂತಿರುವ, ಇಲ್ಲವೇ ಆರ್ಮೇ ಇಲ್ಲದ ಮಾದರಿಗಳೂ ಇವೆ. ಬೇರೆ ಸಂಗೀತಕ್ಕೆ ಅವು ಒಳ್ಳೆಯವೇ. ನೀವು ಆಕಾರ ನೋಡಿ ಮೋಸ ಹೋಗಬೇಡಿ, ಪಿಕಪ್ ಮತ್ತು ಬ್ರಿಡ್ಜ್ ನೋಡಿ.

ಕೊಳ್ಳುವ ಮೊದಲು ನಾನು ಮಾಡುವ ಪರೀಕ್ಷೆ ಹೀಗೆ. ಮೊದಲು ವೈರ್ ಸಿಕ್ಕಿಸದೆ ಸುಮ್ನೆ ಮೀಟುತ್ತೇನೆ, ಬ್ರಿಡ್ಜಿನ ಹತ್ತಿರ ಕಿವಿಯಿಟ್ಟು ಗಿರ್ರ್ ಸದ್ದು ಇದೆಯಾ ಅಂತ ಕೇಳುತ್ತೇನೆ. ಆಮೇಲೆ ಯಾವ ಕರ್ಕಶವೂ ಇಲ್ಲದ ಸ್ವಚ್ಛ ಆಂಪ್‌ನಲ್ಲಿ, ಬ್ರಿಡ್ಜ್ ಪಿಕಪ್ ಹಾಕಿ, ಮಂದ್ರದ ಎರಡು ದಪ್ಪ ತಂತಿಗಳನ್ನು ಅಂಗೈ ಅಂಚಿನಿಂದ ಅದುಮಿ ಜೋರಾಗಿ ಡಬಲ್ ಪಿಕಿಂಗ್ ಮಾಡುತ್ತೇನೆ. ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಬೇಕು. ಆಮೇಲೆ ದಪ್ಪ ತಂತಿಯ ಮೇಲೆ ಎತ್ತರದಿಂದ ಕೆಳಕ್ಕೆ ಬೆರಳು ಜಾರಿಸಿಕೊಂಡು ಮೀಟುತ್ತಾ ಬರುತ್ತೇನೆ, ಅಲೆ ಮುರಿದು ಬಿದ್ದ ಹಾಗೆ, 1963ರಲ್ಲಿ ಜನ ಮುಗಿಬಿದ್ದು ಕೇಳಿದ ಶಾಂಟೇಸ್‌ನ 'ಪೈಪ್‌ಲೈನ್' ಶುರುವಾಗುವುದು ಅಂಥ ಜಾರಿನಿಂದಲೇ. ಕೊನೆಗೆ ಒಂದು ಕಾರ್ಡ್ ಹಿಡಿದು ಆರ್ಮ್ ಅನ್ನು ಹತ್ತು ಸಲ ಮೆತ್ತಗೆ ಆಡಿಸಿ ಶ್ರುತಿ ವಾಪಸ್ ಬಂತಾ ನೋಡುತ್ತೇನೆ. ಬರಲಿಲ್ಲ ಅಂದ ತಕ್ಷಣ ಬಿಟ್ಟುಬಿಡಬೇಡಿ, ಅಂಗಡಿಯಲ್ಲಿ ತೆಳು ತಂತಿ ಇರುತ್ತದೆ, ನೆಕ್ ತುದಿಯಲ್ಲಿರುವ ನಟ್‌ನ ಗೆರೆಯಲ್ಲಿ ತಂತಿ ಕಚ್ಚಿಕೊಂಡಿರಬಹುದು, ಇವು ಸರಿಹೋಗುವ ವಿಷಯ. ಸ್ಕೇಲ್ ಉದ್ದವನ್ನು ಆಮೇಲೆ ಬದಲಿಸಲು ಆಗುವುದಿಲ್ಲ. ಪಿಕಪ್ ಬದಲಿಸಬಹುದು, ಆದರೆ ಖರ್ಚು.

ತಂತಿ ಬಗ್ಗೆ ಒಂದು ಮಾತು ಉಳಿದಿದೆ. ಫ್ಲಾಟ್‌ವೌಂಡ್ ಅಂದರೆ ಮೇಲಿನ ಸುತ್ತು ಚಪ್ಪಟೆಯಾಗಿರುವ ತಂತಿ. ಕೈಗೆ ನುಣ್ಣಗೆ, ಬೆರಳು ಜಾರುವಾಗ ಕಿರ್ ಅನ್ನುವುದಿಲ್ಲ, ಸ್ವರ ಇನ್ನೂ ಚಿಕ್ಕದಾಗುತ್ತದೆ, ಡ್ರಿಪ್ ದುಂಡಗೆ ಬೀಳುತ್ತದೆ. ಸಾಮಾನ್ಯ ತಂತಿಯಲ್ಲಿ ಹೊಳಪು ಜಾಸ್ತಿ, ಡಿಕ್ ಡೇಲ್ ಥರದ ಉರಿಯುವ ಸದ್ದಿಗೆ ಅದೇ ಸರಿ. ನಾನು ಆರು ತಿಂಗಳು ಒಂದು, ಆರು ತಿಂಗಳು ಇನ್ನೊಂದು ಹಾಕಿ ನುಡಿಸಿದ್ದೇನೆ. ಈಗ ನನ್ನ ಜಾಗ್ವಾರ್‌ನಲ್ಲಿ 11ರ ಫ್ಲಾಟ್‌ವೌಂಡ್ ಇದೆ, ನೆಕ್ ಕೆಳಗೆ ಶಿಮ್ ಇದೆ, ಮಸ್ಟಾಂಗ್ ಸ್ಯಾಡಲ್ ಇದೆ, ಒಂದು ವರ್ಷದಿಂದ ಒಂದು ತಂತಿಯೂ ಹಾರಿಲ್ಲ. ಮುಂದಿನ ಸಲ 12 ಹಾಕಬೇಕು ಅಂದುಕೊಂಡಿದ್ದೇನೆ. ಬಿಗಿ ಏರುತ್ತದೆ, ಟ್ರೆಮೊಲೊದ ಸ್ಪ್ರಿಂಗ್ ಸ್ಕ್ರೂವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹಾಕಿದ ಮೇಲೆ ಹೇಗಾಯಿತು ಅಂತ ಬರೆಯುತ್ತೇನೆ.